ಒಂದೇ ಪದರದ ಅಯಸ್ಕಾಂತ: ಪ್ರಮೇಯ ಒಂದು ಹೇಳುತ್ತದೆ, ಪ್ರಯೋಗ ಇನ್ನೊಂದು ಹೇಳುತ್ತದೆಯೇ?

ಪ್ರಶ್ನೆ: ಉಪನ್ಯಾಸಕ, ತುಮಕೂರು

ಎಂ.ಎಸ್‌ಸಿ. ವಿದ್ಯಾರ್ಥಿಗಳಿಗೆ ಘನಸ್ಥಿತಿ ಭೌತಶಾಸ್ತ್ರ ಕಲಿಸುತ್ತೇನೆ. ಕಾಂತತ್ವದ ಅಧ್ಯಾಯದ ಕೊನೆಗೆ 1966ರ ಮರ್ಮಿನ್–ವಾಗ್ನರ್ ಪ್ರಮೇಯ ಬರುತ್ತದೆ. ಎರಡೇ ಆಯಾಮಗಳಲ್ಲಿ ಹರಡಿಕೊಂಡ ಹೈಸನ್‌ಬರ್ಗ್ ಸ್ಪಿನ್‌ಗಳು (ಯಾವ ದಿಕ್ಕಿಗೂ ತಿರುಗಬಲ್ಲ ಪುಟ್ಟ ಪರಮಾಣು ಕಾಂತಗಳು), ತಾಪಮಾನ ನಿರಪೇಕ್ಷ ಶೂನ್ಯಕ್ಕಿಂತ ಎಳ್ಳಷ್ಟು ಮೇಲಿದ್ದರೂ ಸಾಲುಗೂಡಿ ನಿಲ್ಲಲಾರವು ಎಂಬುದು ಅದರ ಸಾರ. ಈ ಪಾಠ ಮುಗಿಸುವಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಮೊಬೈಲಿನಲ್ಲಿ ಒಂದು ಸುದ್ದಿಯನ್ನು ತೋರಿಸಿದಳು. ಕ್ರೋಮಿಯಂ ಟ್ರೈಅಯೊಡೈಡ್ ಎಂಬ ಹರಳಿನ ಒಂದೇ ಒಂದು ಪದರ ಅಯಸ್ಕಾಂತವಾಗಿರುವುದನ್ನು 2017ರಲ್ಲಿ ಕಂಡಿದ್ದಾರೆ ಎಂದು ಅದರಲ್ಲಿತ್ತು. ಹಳೆಯ ಪ್ರಮೇಯ ಮುರಿದುಬಿದ್ದಿದೆ ಎಂಬ ಅರ್ಥ ಬರುವ ಹಾಗೆ ಬರೆದಿದ್ದರು.

ತಿಳಿದವರಲ್ಲಿ ಕೇಳುತ್ತಿದ್ದೇನೆ. ಪ್ರಮೇಯ ಮತ್ತು ಪ್ರಯೋಗ ಎರಡೂ ಒಟ್ಟಿಗೆ ಹೇಗೆ ಸರಿಯಾಗಿರಲು ಸಾಧ್ಯ? ಒಂದು ನ್ಯಾನೋಮೀಟರ್ ದಪ್ಪವೂ ಇಲ್ಲದ, ಕಣ್ಣಿಗೇ ಕಾಣದ ಚೂರು ಅಯಸ್ಕಾಂತವೋ ಅಲ್ಲವೋ ಎಂದು ಅಳೆಯುವುದಾದರೂ ಹೇಗೆ?

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಆ ವಿದ್ಯಾರ್ಥಿನಿ ಈ ವಿಷಯದಲ್ಲೇ ಕಿರು ಸಂಶೋಧನೆ ಮಾಡಬೇಕೆಂದು ಹಟ ಹಿಡಿದಿದ್ದಾಳೆ. ಆಸಕ್ತಿ ನಿಜವಾದದ್ದು, ಅದನ್ನು ಕಮರಿಸಲು ಮನಸ್ಸಿಲ್ಲ. ನಮಗೆ ದ್ರವ ಹೀಲಿಯಂ ಸಿಗುವ ಮಾತೇ ಇಲ್ಲ. ದ್ರವ ಸಾರಜನಕ ಬರುತ್ತದೆ. ಬೇರೆ ವಿಭಾಗದಲ್ಲಿ ಒಂದು ರಾಮನ್ ಸ್ಪೆಕ್ಟ್ರೋಮೀಟರ್ (ಚದುರಿದ ಬೆಳಕಿನಿಂದ ಹರಳಿನ ಕಂಪನಗಳನ್ನು ಅಳೆಯುವ ಯಂತ್ರ) ಇದೆ, ಕೇಳಿದರೆ ಬಳಸಲು ಕೊಡುತ್ತಾರೆ. ಇಷ್ಟರಲ್ಲಿ ಏನಾದರೂ ಮಾಡಲು ಸಾಧ್ಯವೇ?

ಉತ್ತರ: ನಿವೃತ್ತ ಪ್ರಾಧ್ಯಾಪಕ, ಮೈಸೂರು

ಪ್ರಮೇಯಕ್ಕೆ ಏನೂ ಆಗಿಲ್ಲ, ನಿಶ್ಚಿಂತೆಯಿಂದ ಪಾಠ ಮಾಡಿ. ಆದರೆ ತೀರ್ಪನ್ನು ಬೋರ್ಡಿನ ಮೇಲೆ ಬರೆಯುವ ಮುನ್ನ ಷರತ್ತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸ್ಪಿನ್‌ಗಳ ನಡುವಿನ ಪ್ರಭಾವ ಹತ್ತಿರದವರೆಗೆ ಮಾತ್ರ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಸ್ಪಿನ್‌ಗೆ ಎಲ್ಲ ದಿಕ್ಕುಗಳೂ ಒಂದೇ ಆಗಿರಬೇಕು, ಯಾವ ದಿಕ್ಕಿನ ಮೇಲೂ ಅದಕ್ಕೆ ಒಲವು ಇರಕೂಡದು.

ಕಾರಣ ಸರಳ. ಎಲ್ಲ ದಿಕ್ಕುಗಳೂ ಒಂದೇ ಆಗಿದ್ದರೆ, ಇಡೀ ಸ್ಪಿನ್ ಸಮೂಹವನ್ನು ಒಟ್ಟಾಗಿ ತಿರುಗಿಸಲು ಶಕ್ತಿಯೇ ಬೇಕಿಲ್ಲ. ಹಾಗಿರುವಾಗ ಬಹಳ ನೀಳವಾದ ಅಲೆಯಾಗಿ, ಒಂದೊಂದು ಸ್ಪಿನ್ ಪಕ್ಕದ್ದಕ್ಕಿಂತ ಸ್ವಲ್ಪವೇ ತಿರುಗಿರುವಂತೆ ಮಾಡಲು ಬೇಕಾಗುವ ಶಕ್ತಿಯೂ ತೀರ ಅಲ್ಪ. ಅಲೆ ನೀಳವಾದಷ್ಟೂ ಚಿಕ್ಕದಾಗುವ ಅಲೆಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಅದು ಸೊನ್ನೆಗೆ ಇಳಿಯುತ್ತದೆ. ಉಷ್ಣದಿಂದ ಇಂಥ ಅಲೆಗಳು ಎಷ್ಟು ಏಳುತ್ತವೆ ಎಂದು ಕೂಡಿಸಿ ನೋಡಿ. ಮೂರು ಆಯಾಮಗಳಲ್ಲಿ ಮೊತ್ತ ಮಿತಿಯೊಳಗೆ ನಿಲ್ಲುತ್ತದೆ. ಎರಡು ಆಯಾಮಗಳಲ್ಲಿ ಅದೇ ಸಮಾಕಲನ ನೀಳ ಅಲೆಗಳ ತುದಿಯಲ್ಲಿ ಲಾಗರಿದಮ್ ಆಗಿ ಅನಂತಕ್ಕೆ ಹೋಗುತ್ತದೆ. ಸಾಲು ಚದುರುವುದು ಅದರಿಂದಲೇ.

ಈಗ ಸ್ಪಿನ್‌ಗೆ ಒಂದು ದಿಕ್ಕಿನ ಮೇಲೆ ಒಲವು ಕೊಡಿ, ಪದರಕ್ಕೆ ಲಂಬವಾಗಿ ಮೇಲೆ ಅಥವಾ ಕೆಳಗೆ ಎಂದಿಟ್ಟುಕೊಳ್ಳಿ. ಆಗ ಅತಿ ನೀಳವಾದ ಅಲೆಯನ್ನು ಎಬ್ಬಿಸಲೂ ಒಂದು ಕನಿಷ್ಠ ಶಕ್ತಿ ಬೇಕಾಗುತ್ತದೆ. ಸಮಾಕಲನದ ಕೆಳಗಿನ ತುದಿ ಅಲ್ಲಿಗೇ ಕಡಿದುಹೋಗುತ್ತದೆ, ಅನಂತ ಮಾಯವಾಗುತ್ತದೆ. ಲಾಗರಿದಮ್ ನಿಧಾನವಾಗಿ ಬೆಳೆಯುವ ಫಲನವಾದ್ದರಿಂದ ಈ ಕನಿಷ್ಠ ಶಕ್ತಿ ತುಂಬ ಚಿಕ್ಕದಿದ್ದರೂ ಸಾಕು. ಕ್ರೋಮಿಯಂ ಟ್ರೈಅಯೊಡೈಡ್‌ನಲ್ಲಿ ಅದು ಅರ್ಧ ಮಿಲಿಎಲೆಕ್ಟ್ರಾನ್ ವೋಲ್ಟ್‌ಗಿಂತಲೂ ಕಡಿಮೆ. ಆ ಪದರ ಕಾಂತತ್ವ ಕಳೆದುಕೊಳ್ಳುವ 45 ಕೆಲ್ವಿನ್‌ನಲ್ಲಿ ಉಷ್ಣಶಕ್ತಿ ಸುಮಾರು 4 ಮಿಲಿಎಲೆಕ್ಟ್ರಾನ್ ವೋಲ್ಟ್. ಹತ್ತರಲ್ಲಿ ಒಂದು ಪಾಲಿನಷ್ಟು ಒಲವು ಇಡೀ ಪದರದ ಸಾಲನ್ನು ಹಿಡಿದಿಡುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಮಾಡಿಸಿ.

ಇದು ಹೊಸ ಸಂಗತಿಯೂ ಅಲ್ಲ. ಮೇಲೆ ಅಥವಾ ಕೆಳಗೆ ಮಾತ್ರ ನೋಡಬಲ್ಲ ಐಸಿಂಗ್ ಸ್ಪಿನ್‌ಗಳು ಎರಡು ಆಯಾಮಗಳಲ್ಲಿ ಸಾಲುಗೂಡುತ್ತವೆ ಎಂದು ಪೈಯರ್ಲ್ಸ್ 1936ರಲ್ಲೇ ವಾದಿಸಿದ್ದರು. 1944ರಲ್ಲಿ ಆನ್ಸಾಗರ್ ಅದರ ನಿಖರ ಪರಿಹಾರವನ್ನೇ ಕೊಟ್ಟರು. ಮರ್ಮಿನ್ ಮತ್ತು ವಾಗ್ನರ್ ಬರೆದದ್ದು ಅದಾಗಿ 22 ವರ್ಷಗಳ ಮೇಲೆ. ಎರಡಕ್ಕೂ ಎಂದೂ ಜಗಳ ಇರಲಿಲ್ಲ.

ಉತ್ತರ: ಪ್ರಯೋಗ ಸಂಶೋಧಕಿ, ಶಿರಸಿ ಮೂಲ

ಪ್ರಾಧ್ಯಾಪಕರು ಸಿದ್ಧಾಂತದ ಕಡೆಯಿಂದ ಹೇಳಿದ್ದನ್ನು ನಾನು ಅಳತೆಯ ಕಡೆಯಿಂದ ಮುಂದುವರಿಸುತ್ತೇನೆ. ಇಂಥ ತೆಳು ಹರಳುಗಳ ಕಾಂತತ್ವವನ್ನು ಬೆಳಕಿನಿಂದ ಅಳೆಯುವುದು ನನ್ನ ದಿನದ ಕೆಲಸ. ಪ್ರಮೇಯ ಮುರಿಯಿತು ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಪ್ರಯೋಗ ತೋರಿಸಿದ್ದು ಅದಕ್ಕೆ ತದ್ವಿರುದ್ಧವಾದದ್ದನ್ನು.

2017ರಲ್ಲಿ ಎರಡು ವರದಿಗಳು ಒಟ್ಟಿಗೆ ಬಂದವು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಿಯಾವ್‌ಡಾಂಗ್ ಶೂ ಹಾಗೂ ಎಂಐಟಿಯ ಪಾಬ್ಲೊ ಹರಿಯೊ-ಎರೆರೊ ತಂಡಗಳದ್ದು ಕ್ರೋಮಿಯಂ ಟ್ರೈಅಯೊಡೈಡ್ ಮೇಲೆ. ಬರ್ಕ್ಲಿಯ ಶಿಯಾಂಗ್ ಜಾಂಗ್ ತಂಡದ್ದು ಕ್ರೋಮಿಯಂ, ಜರ್ಮೇನಿಯಂ, ಟೆಲೂರಿಯಂ ಸೇರಿದ ಇನ್ನೊಂದು ಪದರ ಹರಳಿನ ಮೇಲೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅಯೊಡೈಡ್‌ಗೆ ಒಲವು ಬಲವಾಗಿದೆ. ಅದರ ಕ್ಯೂರಿ ತಾಪಮಾನ, ಅಂದರೆ ಕಾಂತತ್ವ ಕಳೆದುಕೊಳ್ಳುವ ತಾಪಮಾನ, ದಪ್ಪ ಹರಳಿನಲ್ಲಿ 61 ಕೆಲ್ವಿನ್ ಇದ್ದದ್ದು ಒಂದೇ ಪದರಕ್ಕೆ ಬಂದಾಗ 45ಕ್ಕೆ ಇಳಿಯುತ್ತದೆ, ಅಷ್ಟೆ. ಟೆಲೂರಿಯಂ ಹರಳಿಗೆ ಒಲವು ದುರ್ಬಲ. ಅದರಲ್ಲಿ 60ರ ಮೇಲಿದ್ದದ್ದು ಎರಡು ಪದರಕ್ಕೆ ಬರುವಷ್ಟರಲ್ಲಿ ಸುಮಾರು 30ಕ್ಕೆ ಕುಸಿಯುತ್ತದೆ. ಒಲವು ಕಡಿಮೆಯಾದಷ್ಟೂ ತೆಳುವಾದಾಗ ಪೆಟ್ಟು ಹೆಚ್ಚು. ಪ್ರಮೇಯ ಮುಂಗಾಣಿಸುವುದೂ ಇದನ್ನೇ. ಅದು ಮುರಿದುಬಿದ್ದಿಲ್ಲ, ಅಳತೆಯಲ್ಲಿ ಎದ್ದು ಕಾಣುತ್ತಿದೆ.

ಆ ಒಲವು ಎಲ್ಲಿಂದ ಬರುತ್ತದೆ ಎಂಬುದನ್ನೂ ತರಗತಿಯಲ್ಲಿ ಹೇಳಿ. ಕಾಂತ ಇರುವುದು ಕ್ರೋಮಿಯಂನಲ್ಲಿ, ಆದರೆ ದಿಕ್ಕಿನ ಒಲವು ಹೆಚ್ಚಾಗಿ ಬರುವುದು ಅಯೊಡಿನ್‌ನಿಂದ. ಅಯೊಡಿನ್ ಭಾರವಾದ ಪರಮಾಣು, ಅದರಲ್ಲಿ ಸ್ಪಿನ್–ಕಕ್ಷೆಯ ಬೆಸುಗೆ (ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷಾ ಚಲನೆಗೂ ಇರುವ ನಂಟು) ಗಟ್ಟಿ. ಎರಡು ಕ್ರೋಮಿಯಂಗಳು ಪರಸ್ಪರ ಪ್ರಭಾವ ಬೀರುವುದು ನಡುವಿನ ಅಯೊಡಿನ್ ಮೂಲಕ, ಸುಮಾರು 90 ಡಿಗ್ರಿ ಕೋನದ ಬಂಧದಲ್ಲಿ. ಹಾದುಹೋಗುವಾಗ ಅದು ಅಯೊಡಿನ್‌ನ ಗುಣವನ್ನೂ ಹೊತ್ತೊಯ್ಯುತ್ತದೆ. ಅಯೊಡಿನ್ ಬದಲು ಹಗುರವಾದ ಕ್ಲೋರಿನ್ ಇಟ್ಟರೆ ಸ್ಪಿನ್‌ಗಳು ಪದರದ ಮೇಲೇ ಮಲಗಿಬಿಡುತ್ತವೆ.

ಈಗ ನಿಮ್ಮ ಎರಡನೇ ಪ್ರಶ್ನೆ. 10 ಮೈಕ್ರಾನ್ ಉದ್ದ, 10 ಮೈಕ್ರಾನ್ ಅಗಲದ ಒಂದು ಪದರ ಸಿಕ್ಕಿತು ಎಂದುಕೊಳ್ಳೋಣ, ಅದೇ ದೊಡ್ಡ ಅದೃಷ್ಟ. ಅದರಲ್ಲಿ ಸುಮಾರು 50 ಕೋಟಿ ಕ್ರೋಮಿಯಂ ಪರಮಾಣುಗಳಿವೆ, ಒಂದೊಂದಕ್ಕೆ 3 ಬೋರ್ ಮ್ಯಾಗ್ನೆಟಾನ್ (ಪರಮಾಣು ಕಾಂತದ ಮೂಲಮಾನ). ಒಟ್ಟು ಮಾಡಿದರೆ 10⁻¹¹ ಇಎಂಯು (ಕಾಂತತ್ವವನ್ನು ಅಳೆಯುವ ಒಂದು ಮಾನ) ಆಸುಪಾಸಿಗೆ ಬರುತ್ತದೆ. ಕಾಂತತ್ವ ಅಳೆಯುವ ಅತಿ ಸೂಕ್ಷ್ಮ ಯಂತ್ರವಾದ ಒಳ್ಳೆಯ ಸ್ಕ್ವಿಡ್ ಮ್ಯಾಗ್ನೆಟೋಮೀಟರ್ ಗ್ರಹಿಸುವುದು 10⁻⁸ರವರೆಗೆ, ಅಂದರೆ ಸಾವಿರ ಪಟ್ಟಿನ ಕೊರತೆ. ಸಾಲದ್ದಕ್ಕೆ ಕೆಳಗಿರುವ ಸಿಲಿಕಾನ್ ಚೂರಿನ ಡಯಾಮ್ಯಾಗ್ನೆಟಿಕ್ (ಕ್ಷೇತ್ರಕ್ಕೆ ವಿರುದ್ಧವಾಗಿ ಏಳುವ) ಸಂಕೇತ ಒಂದು ಟೆಸ್ಲಾ ಕ್ಷೇತ್ರದಲ್ಲಿ ಇದರ ಲಕ್ಷಾಂತರ ಪಟ್ಟು. ಆದ್ದರಿಂದ ಆ ಯಂತ್ರವನ್ನು ಬಿಟ್ಟು ಬೆಳಕಿನ ಕಡೆಗೆ ಬರುತ್ತೇವೆ. ಬೆಳಕನ್ನು ಒಂದು ಮೈಕ್ರಾನ್ ಅಗಲದ ಚುಕ್ಕೆಯಾಗಿ ಆ ಪದರದ ಮೇಲೆ ಮಾತ್ರ ಬೀಳಿಸಬಹುದು, ಸುತ್ತಲಿನದ್ದು ಲೆಕ್ಕಕ್ಕೇ ಬರುವುದಿಲ್ಲ.

ಮಾದರಿ ತಯಾರಿಸುವ ಬಗೆ ಗ್ರಾಫೀನ್‌ಗೆ (ಇಂಗಾಲದ ಒಂದೇ ಪದರದ ಹಾಳೆಗೆ) ಬಳಸಿದ ಅಂಟುಪಟ್ಟಿಯದ್ದೇ. ಹರಳು ಕಪ್ಪಗೆ ಹೊಳೆಯುವ ತೆಳುಹಾಳೆಯಂತಿರುತ್ತದೆ. ಪಟ್ಟಿಗೆ ಅಂಟಿಸಿ, ಮಡಿಸಿ, ಬಿಡಿಸುತ್ತಾ ಹೋದಂತೆ ಪದರಗಳು ಸುಲಿದು ಬರುತ್ತವೆ. ಕೊನೆಗೆ 285 ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಇರುವ ಸಿಲಿಕಾನ್ ಮೇಲೆ ಒತ್ತುತ್ತೇವೆ. ವ್ಯತ್ಯಾಸ ಇರುವುದು ಸ್ಥಳದಲ್ಲಿ: ಇದೆಲ್ಲವೂ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ ಒಳಗೇ ನಡೆಯಬೇಕು. ನೀರು ಮತ್ತು ಆಮ್ಲಜನಕ ಹತ್ತು ಲಕ್ಷಕ್ಕೆ ಒಂದು ಭಾಗವೂ ಇರಬಾರದು. ದಪ್ಪ ರಬ್ಬರ್ ಕೈಗವಸಿನೊಳಗಿಂದ ಪಟ್ಟಿಯ ಅಂಚು ಬೆರಳಿಗೆ ತಾಕುವುದೇ ಇಲ್ಲ, ಕಣ್ಣಿನ ಅಂದಾಜಿನಲ್ಲೇ ಎಳೆಯಬೇಕು. ಹೊರಗೆ ತಂದರೆ ಕೆಲವೇ ನಿಮಿಷಗಳಲ್ಲಿ ಚೂರು ಗಾಳಿಯ ತೇವವನ್ನು ಹೀರಿ ಅಂಚಿನಿಂದ ಹನಿಹನಿಯಾಗಿ ಕರಗತೊಡಗುತ್ತದೆ. ಬೆಳಕು ಬಿದ್ದರೆ ಇನ್ನೂ ಬೇಗ. ಅಂದರೆ ಮಾದರಿಯನ್ನು ಹುಡುಕಲು ಹಚ್ಚಿದ ಸೂಕ್ಷ್ಮದರ್ಶಕದ ದೀಪವೇ ಅದನ್ನು ಕೆಡಿಸಬಲ್ಲದು.

ಸೂಕ್ಷ್ಮದರ್ಶಕದಲ್ಲಿ ದಪ್ಪ ಚೂರುಗಳು ಬಣ್ಣಬಣ್ಣವಾಗಿ ಥಟ್ಟನೆ ಕಾಣುತ್ತವೆ. ಒಂದು ಪದರ ಹಾಗಲ್ಲ. ನೇರಳೆ ಹಿನ್ನೆಲೆಯ ಮೇಲೆ ಅದು ಇದೆಯೋ ಇಲ್ಲವೋ ಎಂಬಷ್ಟು ನಸು ಛಾಯೆ. ಕ್ಯಾಮೆರಾ ಚಿತ್ರದ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಹಿನ್ನೆಲೆಯ ಅಂಕಿಗಳೊಂದಿಗೆ ಹೋಲಿಸಿ ಒಂದೋ, ಎರಡೋ, ಮೂರೋ ಎಂದು ನಿರ್ಧರಿಸುತ್ತೇವೆ. ಸಿಕ್ಕ ಮೇಲೆ ಅದರ ಮೇಲೂ ಕೆಳಗೂ ಬೋರಾನ್ ನೈಟ್ರೈಡ್‌ನ ತೆಳು ಹಾಳೆಯಿಟ್ಟು ಮುಚ್ಚುತ್ತೇವೆ. ಆ ಬೋರಾನ್ ನೈಟ್ರೈಡ್ ಹರಳುಗಳು ಜಗತ್ತಿನ ಬಹುಪಾಲು ಪ್ರಯೋಗಾಲಯಗಳಿಗೆ ಜಪಾನಿನ ತ್ಸುಕುಬಾದಿಂದ, ತನಿಗುಚಿ ಮತ್ತು ವತಾನಬೆ ಅವರ ಕೈಯಿಂದ ಬರುತ್ತವೆ. ಈ ಕ್ಷೇತ್ರದ ಸಾಧನೆಗಳಲ್ಲಿ ಅವರಿಬ್ಬರ ಪಾಲು ಎಷ್ಟು ದೊಡ್ಡದು ಎಂಬುದು ಹೊರಗಿನವರಿಗೆ ತಿಳಿದಿಲ್ಲ.

ಅಳತೆ ಕೆರ್ ಪರಿಣಾಮದಿಂದ. ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು ಕಾಂತೀಕೃತ ಮೇಲ್ಮೈಯಿಂದ ಪ್ರತಿಫಲಿಸಿದಾಗ ಆ ಸಮತಲ ಸ್ವಲ್ಪ ತಿರುಗುತ್ತದೆ. ಸ್ಪಿನ್ ಮೇಲ್ಮುಖವಾದರೆ ಒಂದು ಕಡೆಗೆ, ಕೆಳಮುಖವಾದರೆ ಇನ್ನೊಂದು ಕಡೆಗೆ. 2017ರ ಪ್ರಯೋಗದಲ್ಲಿ ಒಂದು ಪದರಕ್ಕೆ ಬಂದದ್ದು ಕೆಲವೇ ಮಿಲಿರೇಡಿಯನ್. ಮಾದರಿಯನ್ನು 15 ಕೆಲ್ವಿನ್‌ಗೆ ತಣಿಸಿ, 633 ನ್ಯಾನೋಮೀಟರ್‌ನ ಕೆಂಪು ಲೇಸರ್ ಬಿಟ್ಟು, ಪದರಕ್ಕೆ ಲಂಬವಾದ ಕಾಂತಕ್ಷೇತ್ರವನ್ನು ಹಿಂದಕ್ಕೂ ಮುಂದಕ್ಕೂ ಒಯ್ದಾಗ ಹಿಸ್ಟೆರಿಸಿಸ್ ಕುಣಿಕೆ (ಹೋಗುವ ದಾರಿಯೂ ಬರುವ ದಾರಿಯೂ ಬೇರೆಯಾದ ರೇಖೆ) ಮೂಡಿತು. ಕ್ಷೇತ್ರ ಸೊನ್ನೆಯಾದಾಗಲೂ ತಿರುವು ಉಳಿದಿತ್ತು. ಅಯಸ್ಕಾಂತ ಎನ್ನಲು ಬೇಕಾದ ಸಾಕ್ಷಿ ಅದು.

ಕುಣಿಕೆ ಕಂಡ ಕೂಡಲೇ ನಂಬಬಾರದು ಎಂದು ನಿಮ್ಮ ವಿದ್ಯಾರ್ಥಿನಿಗೆ ಈಗಲೇ ಹೇಳಿಡಿ. ಕಾಂತಕ್ಷೇತ್ರ ಬದಲಾದಾಗ ಸೂಕ್ಷ್ಮದರ್ಶಕದ ವಸ್ತುಮಸೂರದ ಗಾಜೇ ಬೆಳಕನ್ನು ತಿರುಗಿಸುತ್ತದೆ. ಅದೇ ಚೂರಿನ ಪಕ್ಕದ ಬರಿಯ ಸಿಲಿಕಾನ್ ಮೇಲೆ ಅಳೆಯಬೇಕು, ಕ್ಯೂರಿ ತಾಪಮಾನದ ಮೇಲೆ ಕುಣಿಕೆ ಅಳಿಯುತ್ತದೆಯೇ ನೋಡಬೇಕು, ಲೇಸರ್ ಶಕ್ತಿ ಇಳಿಸಿದಾಗ ಫಲಿತಾಂಶ ಬದಲಾಗುತ್ತದೆಯೇ ನೋಡಬೇಕು. ಈ ಮೂರೂ ಇಲ್ಲದ ಅಳತೆಯನ್ನು ನಾನು ಅಳತೆ ಎಂದು ಒಪ್ಪುವುದಿಲ್ಲ.

ಮರುಪ್ರಶ್ನೆ: ಉಪನ್ಯಾಸಕ, ತುಮಕೂರು

ಇಬ್ಬರಿಗೂ ಮನಸಾರೆ ವಂದನೆಗಳು. ಲಾಗರಿದಮ್ ಲೆಕ್ಕವನ್ನು ನಾಳೆಯೇ ಕೊಡುತ್ತೇನೆ. ಮೇಡಂ, ಓದುತ್ತಿದ್ದಂತೆ ಒಂದು ಅನುಮಾನ ಎದ್ದಿತು. ಒಂದು ಪದರ ಅಯಸ್ಕಾಂತ, ದಪ್ಪ ಹರಳೂ ಅಯಸ್ಕಾಂತ. ಆದರೆ ಎರಡು ಪದರದ ಚೂರಿನಲ್ಲಿ ಕೆರ್ ಸಂಕೇತ ಸೊನ್ನೆ ಎಂದು ಒಂದು ಲೇಖನದಲ್ಲಿ ಓದಿದೆ. ಅದು ಹೇಗೆ ಸಾಧ್ಯ?

ಉತ್ತರ: ಪ್ರಯೋಗ ಸಂಶೋಧಕಿ, ಶಿರಸಿ ಮೂಲ

ಸರ್, ಈ ಕ್ಷೇತ್ರದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಈ ಪ್ರಶ್ನೆಯೇ. ಒಂದು ಪದರ ಅಯಸ್ಕಾಂತವಾಗಿದ್ದುದಕ್ಕಿಂತ ಎರಡು ಪದರ ಆಗದಿದ್ದುದೇ ದೊಡ್ಡ ಆವಿಷ್ಕಾರ ಎಂದು ನಾನು ತಿಳಿದಿದ್ದೇನೆ. ಮೊದಲನೆಯದನ್ನು ಸಿದ್ಧಾಂತ ನಿರೀಕ್ಷಿಸಿತ್ತು. ಎರಡನೆಯದನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಎರಡು ಪದರದಲ್ಲಿ ಒಂದೊಂದು ಪದರವೂ ತನ್ನಷ್ಟಕ್ಕೆ ಪೂರ್ಣ ಅಯಸ್ಕಾಂತವೇ. ಆದರೆ ಒಂದು ಮೇಲ್ಮುಖವಾದರೆ ಇನ್ನೊಂದು ಕೆಳಮುಖ, ಒಟ್ಟು ಸೊನ್ನೆ. ಸುಮಾರು 0.65 ಟೆಸ್ಲಾ ಕ್ಷೇತ್ರ ಕೊಟ್ಟಾಗ ಎರಡೂ ಒಂದೇ ಕಡೆಗೆ ತಿರುಗಿ ಸಂಕೇತ ಒಮ್ಮೆಲೇ ಜಿಗಿಯುತ್ತದೆ. ಮೂರು ಪದರದಲ್ಲಿ ಒಂದು ಜೊತೆಯಿಲ್ಲದೆ ಉಳಿಯುವುದರಿಂದ ಸೊನ್ನೆ ಕ್ಷೇತ್ರದಲ್ಲೂ ಸಂಕೇತ ಇರುತ್ತದೆ.

ದಪ್ಪ ಹರಳಿನಲ್ಲಿ ಎಲ್ಲ ಪದರಗಳೂ ಒಂದೇ ಕಡೆ ನೋಡುತ್ತಿರುವಾಗ ತೆಳು ಚೂರಿನಲ್ಲಿ ಏಕೆ ಹೀಗೆ? ಉತ್ತರ ಇರುವುದು ಪದರಗಳು ಒಂದರ ಮೇಲೊಂದು ಕೂತಿರುವ ಬಗೆಯಲ್ಲಿ. ಮೊಟ್ಟೆಯ ಎರಡು ಟ್ರೇಗಳನ್ನು ಒಂದರ ಮೇಲೊಂದು ಇಟ್ಟು ಸ್ವಲ್ಪ ಸರಿಸಿದರೆ ಅವು ಇನ್ನೊಂದು ಕುಳಿಯಲ್ಲಿ ಸರಿಯಾಗಿ ಕೂರುತ್ತವೆ. ಇಲ್ಲಿಯೂ ಪದರಗಳು ಕೂರಬಹುದಾದ ಬೇರೆ ಬೇರೆ ನೆಲೆಗಳಿವೆ. ಸರಿದಾಗ ಮೇಲಿನ ಕ್ರೋಮಿಯಂನಿಂದ ಕೆಳಗಿನದಕ್ಕೆ ಅಯೊಡಿನ್‌ಗಳ ಮೂಲಕ ಸಾಗುವ ದಾರಿ ಬದಲಾಗುತ್ತದೆ, ಅದರೊಂದಿಗೆ ಎರಡೂ ಒಂದೇ ಕಡೆ ನೋಡಬೇಕೋ ವಿರುದ್ಧವಾಗಿ ನೋಡಬೇಕೋ ಎಂಬುದೂ ಬದಲಾಗುತ್ತದೆ. ದಪ್ಪ ಹರಳನ್ನು ತಣಿಸಿದಾಗ ಸುಮಾರು 210–220 ಕೆಲ್ವಿನ್‌ನಲ್ಲಿ ಪದರಗಳು ಒಂದು ನೆಲೆಯಿಂದ ಇನ್ನೊಂದಕ್ಕೆ, ಮಾನೋಕ್ಲಿನಿಕ್‌ನಿಂದ ರಾಂಬೋಹೆಡ್ರಲ್ ರಚನೆಗೆ ಜಾರುತ್ತವೆ. ಸುಲಿದ ತೆಳು ಚೂರು ಹಾಗೆ ಜಾರುವುದಿಲ್ಲ. ಕೋಣೆಯ ತಾಪಮಾನದ ರಚನೆಯನ್ನೇ ಹೊತ್ತುಕೊಂಡು ತಣ್ಣಗಾಗುತ್ತದೆ. ಆ ರಚನೆಯಲ್ಲಿ ನೆರೆಪದರಗಳು ವಿರುದ್ಧ ದಿಕ್ಕು ಹಿಡಿಯುತ್ತವೆ.

ಇದಕ್ಕೆ ಸಿಕ್ಕ ಸಾಕ್ಷಿಗಳು ಸೊಗಸಾಗಿವೆ. ಬಾಸೆಲ್ ವಿಶ್ವವಿದ್ಯಾಲಯದವರು ವಜ್ರದ ಮೊನೆಯಲ್ಲಿ ಕಾಂತಕ್ಷೇತ್ರವನ್ನು ಗ್ರಹಿಸಬಲ್ಲ ಸಾರಜನಕದ ಒಂದು ದೋಷಕೇಂದ್ರವನ್ನಿಟ್ಟು, ಅದನ್ನು ಚೂರಿನ ಮೇಲೆ ತೀರ ಹತ್ತಿರದಲ್ಲಿ ಆಡಿಸಿ, ಒಂದು ಪದರದ ಕಾಂತೀಕರಣ ಚದರ ನ್ಯಾನೋಮೀಟರಿಗೆ ಸುಮಾರು 16 ಬೋರ್ ಮ್ಯಾಗ್ನೆಟಾನ್ ಎಂದು 2019ರಲ್ಲಿ ನೇರವಾಗಿ ಅಳೆದರು. ಮೇಲೆ ಕೊಟ್ಟ 50 ಕೋಟಿಯನ್ನು ಮೂರರಿಂದ ಗುಣಿಸಿ 10 ಕೋಟಿ ಚದರ ನ್ಯಾನೋಮೀಟರಿನಿಂದ ಭಾಗಿಸಿದರೆ 15 ಬರುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಲೆಕ್ಕ ಬೇರಿಲ್ಲ. ಅದೇ ಪ್ರಯೋಗದಲ್ಲಿ ಮೊನೆ ಆಕಸ್ಮಿಕವಾಗಿ ಮಾದರಿಯನ್ನು ಚುಚ್ಚಿತು. ಆಮೇಲೆ ಅಳೆದಾಗ ವಿರುದ್ಧವಾಗಿದ್ದ ಪದರಗಳು ಒಂದೇ ಕಡೆಗೆ ತಿರುಗಿದ್ದವು. ಒಂದು ಚುಚ್ಚು ಪದರಗಳ ನೆಲೆಯನ್ನೂ ಕಾಂತತ್ವವನ್ನೂ ಒಟ್ಟಿಗೆ ಬದಲಿಸಿತ್ತು. ಅದೇ ವರ್ಷ ಇನ್ನೆರಡು ತಂಡಗಳು ಎರಡು ಪದರದ ಚೂರಿನ ಮೇಲೆ ಸುಮಾರು 2 ಗಿಗಾಪ್ಯಾಸ್ಕಲ್ ಒತ್ತಡ ಹಾಕಿ ಬೇಕೆಂದೇ ಈ ಬದಲಾವಣೆಯನ್ನು ತಂದವು.

ಪ್ರತಿಕ್ರಿಯೆ: ಎಲೆಕ್ಟ್ರಾನಿಕ್ಸ್ ಇಂಜಿನಿಯರ್, ಬೆಂಗಳೂರು

ಆಸಕ್ತಿಯಿಂದ ಓದುತ್ತಿದ್ದೇನೆ. ಹಾರ್ಡ್ ಡಿಸ್ಕಿನ ಓದುತಲೆಯಲ್ಲೂ ಕಾಂತಪದರಗಳು ಪರಸ್ಪರ ಒಂದೇ ಕಡೆ ಅಥವಾ ವಿರುದ್ಧವಾಗಿ ಇರುವುದನ್ನೇ ಬಳಸುತ್ತೇವೆ. ಈ ಹರಳುಗಳಿಂದ ಸಾಧನ ಮಾಡಿದ್ದಾರೆಯೇ?

ಉತ್ತರ: ಪ್ರಯೋಗ ಸಂಶೋಧಕಿ, ಶಿರಸಿ ಮೂಲ

ಮಾಡಿದ್ದಾರೆ. ಅಯೊಡೈಡ್ ಚೂರನ್ನು ಎರಡು ಗ್ರಾಫೀನ್ ಹಾಳೆಗಳ ನಡುವೆ ಇಟ್ಟರೆ ಎಲೆಕ್ಟ್ರಾನ್‌ಗಳು ಅದರ ಮೂಲಕ ಸುರಂಗ ಹಾಯುತ್ತವೆ. ಪದರಗಳೆಲ್ಲ ಒಂದೇ ಕಡೆ ನೋಡುತ್ತಿದ್ದರೆ ದಾರಿ ಸಲೀಸು, ವಿರುದ್ಧವಾಗಿದ್ದರೆ ಒಂದೊಂದು ಪದರವೂ ತಡೆಗೋಡೆ. ನಾಲ್ಕು ಪದರದ ಚೂರಿನಲ್ಲಿ ಕಾಂತರೋಧ (ಕಾಂತಕ್ಷೇತ್ರದಿಂದ ವಿದ್ಯುತ್ ತಡೆಯಲ್ಲಾಗುವ ಬದಲಾವಣೆ) 19,000 ಶೇಕಡಾದವರೆಗೆ ಹೋದದ್ದನ್ನು 2018ರಲ್ಲಿ ವರದಿ ಮಾಡಿದರು. ಸಾಂಪ್ರದಾಯಿಕ ಸಾಧನಗಳಲ್ಲಿ ಇಂಥ ಅಂಕಿ ಇಲ್ಲ. ಆದರೆ ಇದೆಲ್ಲ ಅತಿ ಶೀತದಲ್ಲಿ ಮಾತ್ರ, ಅಂಗಡಿಗೆ ಬರುವ ವಸ್ತು ಎಂದು ಇದನ್ನು ಈಗ ಕರೆಯಲಾಗದು. ಕಬ್ಬಿಣ, ಜರ್ಮೇನಿಯಂ, ಟೆಲೂರಿಯಂ ಸೇರಿದ ಒಂದು ಲೋಹೀಯ ಹರಳಿದೆ. ಅದರ ತೆಳು ಚೂರಿಗೆ ಅಯಾನುಗಳ ಮೂಲಕ ಹೆಚ್ಚಿನ ಎಲೆಕ್ಟ್ರಾನ್ ತುಂಬಿ ಕ್ಯೂರಿ ತಾಪಮಾನವನ್ನು ಕೋಣೆಯ ತಾಪಮಾನಕ್ಕೆ ಏರಿಸಿದ್ದೂ 2018ರಲ್ಲೇ. ಆ ದಾರಿಯಲ್ಲಿ ಭರವಸೆ ಹೆಚ್ಚು.

ಇನ್ನು ಉಪನ್ಯಾಸಕರ ಮೂರನೇ ಪ್ರಶ್ನೆ. ಸರ್, ಖಂಡಿತ ಸಾಧ್ಯ. ಸಾರಜನಕದಿಂದ ತಲುಪಬಹುದಾದದ್ದು 77 ಕೆಲ್ವಿನ್. ಅದಕ್ಕಿಂತ ಮೇಲೆ ಸಾಲುಗೂಡುವ ವಸ್ತುವನ್ನು ಆರಿಸಿಕೊಂಡರೆ ಹೀಲಿಯಂ ಬೇಡ. ಅಯೊಡೈಡನ್ನು ಮರೆತುಬಿಡಿ.

ಕಬ್ಬಿಣ, ರಂಜಕ, ಗಂಧಕ ಸೇರಿದ ಐರನ್ ಫಾಸ್ಫರಸ್ ಟ್ರೈಸಲ್ಫೈಡ್ ಎಂಬ ಪದರ ಹರಳಿದೆ. ಅದು ಆಂಟಿಫೆರೋಮ್ಯಾಗ್ನೆಟ್ (ಸ್ಪಿನ್‌ಗಳು ವಿರುದ್ಧ ದಿಕ್ಕು ಹಿಡಿದು ಒಂದನ್ನೊಂದು ರದ್ದುಮಾಡುವ ವಸ್ತು), ಸುಮಾರು 118 ಕೆಲ್ವಿನ್‌ನಲ್ಲಿ ಸಾಲುಗೂಡುತ್ತದೆ. ಒಟ್ಟು ಕಾಂತೀಕರಣ ಸೊನ್ನೆಯಾದ್ದರಿಂದ ಕೆರ್ ಅಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ರಾಮನ್ ಬರುತ್ತದೆ. ಸ್ಪಿನ್‌ಗಳು ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ ಎಂದು ಜೋಡಿಸಿಕೊಂಡಾಗ ಹರಳಿನ ಏಕಮಾನ ಕೋಶವೇ (ಮತ್ತೆ ಮತ್ತೆ ಬರುವ ಮೂಲ ಘಟಕವೇ) ದೊಡ್ಡದಾಗುತ್ತದೆ. ಅದುವರೆಗೆ ಬೆಳಕಿಗೆ ಸಿಗದಿದ್ದ ಕಂಪನಗಳು ಸಿಗತೊಡಗುತ್ತವೆ. 100 ಸೆಂ.ಮೀ.⁻¹ (ರಾಮನ್‌ನಲ್ಲಿ ಕಂಪನದ ಆವೃತ್ತಿಯನ್ನು ಹೇಳುವ ಮಾನ) ಆಸುಪಾಸಿನ ಅಗಲವಾದ ಉಬ್ಬು ಚೂಪಾದ ಶಿಖರಗಳಾಗಿ ಒಡೆಯುತ್ತದೆ. ದಕ್ಷಿಣ ಕೊರಿಯಾದ ತಂಡಗಳು 2016ರಲ್ಲಿ, ಅಂದರೆ ಅಯೊಡೈಡ್‌ಗಿಂತ ಒಂದು ವರ್ಷ ಮೊದಲೇ, ಈ ಗುರುತನ್ನು ಹಿಡಿದು ಒಂದೇ ಪದರದಲ್ಲೂ ಕಾಂತ ಸಾಲು ಉಳಿಯುತ್ತದೆ ಎಂದು ತೋರಿಸಿದವು. ಆ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂಬ ಕೊರಗು ನನಗಿದೆ.

ಇದರ ಜೊತೆಗೆ ಕಬ್ಬಿಣದ ಜಾಗದಲ್ಲಿ ನಿಕ್ಕಲ್ ಇರುವ ಹರಳನ್ನೂ ತನ್ನಿ. ರಚನೆ ಅದೇ, 155 ಕೆಲ್ವಿನ್‌ನಲ್ಲಿ ಸಾಲುಗೂಡುತ್ತದೆ. ಆದರೆ ಕಬ್ಬಿಣದ ಸ್ಪಿನ್ ಐಸಿಂಗ್ ಬಗೆಯದು, ಲಂಬ ದಿಕ್ಕಿನ ಮೇಲೆ ಗಟ್ಟಿ ಒಲವು. ನಿಕ್ಕಲ್ ಸ್ಪಿನ್ ಸಮತಲದಲ್ಲಿ ಹೆಚ್ಚುಕಡಿಮೆ ಮುಕ್ತವಾಗಿ ತಿರುಗುತ್ತದೆ. ತೆಳುವಾಗಿಸುತ್ತಾ ಹೋದಾಗ ನಿಕ್ಕಲ್ ಹರಳಿನಲ್ಲಿ ಸಾಲು ಎರಡು ಪದರದವರೆಗೆ ನಿಂತು, ಒಂದೇ ಪದರದಲ್ಲಿ ಅಳಿಯುತ್ತದೆ ಎಂದು 2019ರಲ್ಲಿ ಕಂಡಿದ್ದಾರೆ. ಒಂದೇ ರಚನೆಯ ಎರಡು ಹರಳುಗಳು, ಒಂದು ಉಳಿಯುತ್ತದೆ, ಇನ್ನೊಂದು ಅಳಿಯುತ್ತದೆ. ನಿಮ್ಮ ಬೋರ್ಡಿನ ಮೇಲಿದ್ದ ಪ್ರಮೇಯವನ್ನು ಆ ಹುಡುಗಿ ಸಾರಜನಕದ ತಾಪಮಾನದಲ್ಲೇ ತನ್ನ ಕಣ್ಣಾರೆ ನೋಡಬಹುದು. ಎರಡೂ ಗಾಳಿಯಲ್ಲಿ ಅಯೊಡೈಡ್‌ನಂತೆ ನಿಮಿಷಗಳಲ್ಲಿ ಕರಗುವುದಿಲ್ಲ, ಮೇಜಿನ ಮೇಲೇ ಪಟ್ಟಿಯಿಂದ ಸುಲಿಯಬಹುದು. ಸುಲಿದ ದಿನವೇ ಅಳೆಯಿರಿ.

ಮೊದಲು ದಪ್ಪ ಹರಳಿನಲ್ಲಿ 118 ಮತ್ತು 155 ಸರಿಯಾಗಿ ಬರುವಂತೆ ನೋಡಿಕೊಳ್ಳಲಿ. ಚೂರಿನ ನಿಜವಾದ ತಾಪಮಾನ ತಣಿಸುವ ಪೀಠದ ಮಾಪಕ ತೋರಿಸುವುದಕ್ಕಿಂತ ಹೆಚ್ಚಿರಬಹುದು, ಲೇಸರ್ ಅದನ್ನು ಬಿಸಿ ಮಾಡುತ್ತಿರುತ್ತದೆ. ಸ್ಟೋಕ್ಸ್ ಮತ್ತು ಆಂಟಿ-ಸ್ಟೋಕ್ಸ್ (ಬೆಳಕು ಹರಳಿಗೆ ಶಕ್ತಿ ಕೊಟ್ಟಾಗಿನ ಮತ್ತು ಹರಳಿನಿಂದ ಪಡೆದಾಗಿನ) ಶಿಖರಗಳ ಅನುಪಾತದಿಂದ ಆ ಜಾಗದ ತಾಪಮಾನವನ್ನೇ ತೆಗೆಯಬಹುದು.

ಮರುಪ್ರಶ್ನೆ: ಉಪನ್ಯಾಸಕ, ತುಮಕೂರು

ಇಷ್ಟು ಸಿಗುತ್ತದೆಂದು ಎಣಿಸಿರಲಿಲ್ಲ, ಮೇಡಂ. ಈಗಷ್ಟೇ ಆ ಸ್ಪೆಕ್ಟ್ರೋಮೀಟರ್ ನೋಡಿಕೊಳ್ಳುವವರನ್ನು ವಿಚಾರಿಸಿದೆ. ಅದರ ಫಿಲ್ಟರ್ 150 ಸೆಂ.ಮೀ.⁻¹ಗಿಂತ ಕೆಳಗೆ ಏನನ್ನೂ ಬಿಡುವುದಿಲ್ಲವಂತೆ. ಒಂದು ಕಡೆ ಮಾತ್ರ ಕಾಣುತ್ತದೆ, ಆಂಟಿ-ಸ್ಟೋಕ್ಸ್ ಭಾಗ ಇಲ್ಲ.

ಉತ್ತರ: ಪ್ರಯೋಗ ಸಂಶೋಧಕಿ, ಶಿರಸಿ ಮೂಲ

ಹಾಗಾದರೆ ನಿಕ್ಕಲ್ ಹರಳಿನಿಂದ ಶುರು ಮಾಡಿ. ಅದರಲ್ಲಿ 180ರ ಆಸುಪಾಸಿನ ಒಂದು ಶಿಖರ ಸಾಲುಗೂಡಿದ ಸ್ಥಿತಿಯಲ್ಲಿ ಧ್ರುವೀಕರಣಕ್ಕೆ (ಬೆಳಕು ಕಂಪಿಸುವ ಸಮತಲಕ್ಕೆ) ತಕ್ಕಂತೆ ಸ್ವಲ್ಪ ಅತ್ತಿತ್ತ ಸರಿಯುತ್ತದೆ, ಸಮಾಂತರ ಮತ್ತು ಅಡ್ಡ ಧ್ರುವೀಕರಣಗಳಲ್ಲಿ ಬೇರೆ ಬೇರೆ ಜಾಗದಲ್ಲಿ ಕಾಣುತ್ತದೆ. ಆ ಅಂತರವನ್ನು ತಾಪಮಾನಕ್ಕೆ ಎದುರಾಗಿ ಗುರುತಿಸಿದರೆ 155ರ ಬಳಿ ಸೊನ್ನೆಗೆ ಇಳಿಯಬೇಕು. ಇದಲ್ಲದೆ 530ರ ಸುತ್ತ ಎರಡು ಮ್ಯಾಗ್ನಾನ್‌ಗಳಿಂದ (ಸ್ಪಿನ್ ಅಲೆಯ ಕ್ವಾಂಟಂಗಳಿಂದ) ಬರುವ ಅಗಲವಾದ ಉಬ್ಬೂ ಇದೆ. ಎರಡೂ ನಿಮ್ಮ ಫಿಲ್ಟರಿನ ಈಚೆಗೇ ಇವೆ. ಯಂತ್ರದಲ್ಲಿ ಎರಡು ಧ್ರುವಕಗಳನ್ನು ಕೂರಿಸಲು ಜಾಗವಿದೆಯೇ ಎಂದು ಕೇಳಿಕೊಳ್ಳಿ. ತಾಪಮಾನಕ್ಕೆ, ಲೇಸರ್ ಶಕ್ತಿಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಇಳಿಸುತ್ತಾ ಶಿಖರದ ಜಾಗ ಸರಿಯುವುದು ನಿಂತಲ್ಲಿ ಅಳೆದರೆ ಸಾಕು.

ಕಬ್ಬಿಣದ ಹರಳಿಗೆ ಮಾತ್ರ 80ರವರೆಗಾದರೂ ಕಾಣುವ ಫಿಲ್ಟರ್ ಬೇಕೇ ಬೇಕು. ಲೇಸರಿನ ತರಂಗಾಂತರವನ್ನು ಇಲ್ಲಿ ಬರೆಯಿರಿ, ಯಾವ ಬಗೆಯ ಫಿಲ್ಟರ್ ಕೇಳಬೇಕು ಎಂದು ಹೇಳುತ್ತೇನೆ.